ಅಪಘಾತ ಪರಿಹಾರ: ಕೋರ್ಟಿಗೆ ಬರುವ ಮೊದಲೇ ತೀರ್ಮಾನವಾಗುವ ಸಂಗತಿಗಳು

ರಸ್ತೆ ಅಪಘಾತದ ಪರಿಹಾರಕ್ಕಾಗಿ ಜನ ಕೋರ್ಟಿನ ಮೆಟ್ಟಿಲು ಹತ್ತುವುದು ಘಟನೆ ನಡೆದು ತಿಂಗಳುಗಳಾದ ಮೇಲೆ. ಅಷ್ಟರಲ್ಲಿ ಕೇಸಿನ ಹಣೆಬರಹ ಮುಕ್ಕಾಲು ಪಾಲು ಬರೆದಾಗಿರುತ್ತದೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಯಾರು ಏನು ಹೇಳಿದರು, ಠಾಣೆಗೆ ಯಾರು ಹೋದರು, ವಾಹನಕ್ಕೆ ಎಂಥ ವಿಮೆ ಇತ್ತು ಎಂಬುದರ ಮೇಲೆ ಅದು ನಿಂತಿದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಗಾಯಾಳುಗಳ ಪರ ವಾದಿಸುವ ವಕೀಲನಾಗಿ ನಾನು ಮತ್ತೆ ಮತ್ತೆ ಕಂಡಿರುವುದು ಇಷ್ಟು: ಆ ಮೊದಲ ದಿನ ಗಾಯಾಳುವಿನ ಪಕ್ಕದಲ್ಲಿ ನಿಂತವರು ಕಾಳಜಿಯಿಂದ, ಪ್ರಾಮಾಣಿಕವಾಗಿ ನಡೆದುಕೊಂಡಿದ್ದರೆ ಕಕ್ಷಿದಾರನ ಅರ್ಧ ಕಷ್ಟ ಕಳೆದಂತೆ.

ಬಿದ್ದವರನ್ನು ಎತ್ತಲು ಇಂದಿಗೂ ಹಿಂಜರಿಕೆ ಇದೆ. ಪೊಲೀಸು, ಸಾಕ್ಷಿ, ಕೋರ್ಟಿನ ಅಲೆದಾಟದ ಭಯ. ಈ ಭಯಕ್ಕೆ ಈಗ ಕಾನೂನಿನ ಆಧಾರವಿಲ್ಲ. ನೆರವಿಗೆ ಬಂದವರ ರಕ್ಷಣೆಗೆಂದೇ ಕರ್ನಾಟಕ 2016ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. 2019ರ ತಿದ್ದುಪಡಿಯಿಂದ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ 134ಎ ಕಲಂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ. ಅವರನ್ನು ಅಲ್ಲಿ ಹಿಡಿದು ಕೂರಿಸುವಂತೆಯೂ ಇಲ್ಲ. ತುರ್ತು ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಪೊಲೀಸರು ಬರಲಿ ಎಂದು ಚಿಕಿತ್ಸೆ ತಡೆಹಿಡಿಯುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ ಏಳು ದಿನಗಳವರೆಗೆ ₹1.5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ದಾಖಲು ಮಾಡುವಾಗಲೇ ಈ ಯೋಜನೆಯ ಹೆಸರೆತ್ತಿ ಕೇಳಿ.

ಇನ್ನು ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ. ಗಾಯಾಳುವನ್ನು ಸ್ಟ್ರೆಚರ್ ಮೇಲೆ ಮಲಗಿಸಿದ ಕೂಡಲೇ ಕರ್ತವ್ಯದಲ್ಲಿರುವ ವೈದ್ಯರು ‘ಏನಾಯಿತು?’ ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ಭಾವನೋ ತಮ್ಮನೋ ‘ಬೈಕಿನಿಂದ ಬಿದ್ದ ಸಾರ್’ ಅನ್ನುತ್ತಾನೆ. ಕೇಸ್ ಶೀಟಿನ ಮೊದಲ ಪುಟದಲ್ಲಿ, ‘ಹಿಸ್ಟರಿ’ ಎಂಬ ಸಾಲಿನಲ್ಲಿ ‘ಸ್ಕಿಡ್ ಆಗಿ ತಾನೇ ಬಿದ್ದದ್ದು’ ಎಂದು ದಾಖಲಾಗುತ್ತದೆ. ಹಿಂದಿನಿಂದ ಬಂದ ಲಾರಿ ತಾಗಿ ಬಿದ್ದದ್ದು ಅಲ್ಲಿ ಇಲ್ಲವೇ ಇಲ್ಲ. ಆಮೇಲೆ ವಿಮಾ ಕಂಪನಿಯ ವಕೀಲರು ಆಸ್ಪತ್ರೆಯ ದಾಖಲೆ ನೋಡಿಕೊಳ್ಳುವವರನ್ನೇ ಸಾಕ್ಷಿಯಾಗಿ ಕರೆಸಿ, ಆ ಒಂದು ಸಾಲನ್ನು ಓದಿಸುತ್ತಾರೆ. ಲಾರಿಯನ್ನು ಪರಿಹಾರಕ್ಕಾಗಿಯೇ ತಂದು ಸೇರಿಸಿದ್ದಾರೆ ಎಂಬ ವಾದ ಅಲ್ಲಿಂದ ಶುರು. ಸುಳ್ಳು ಕ್ಲೇಮುಗಳೂ ಬರುವುದರಿಂದ ನ್ಯಾಯಾಧೀಶರು ಆ ವಾದವನ್ನು ಹಗುರವಾಗಿ ತಳ್ಳಿಹಾಕಲಾರರು. ಹಾಗಾಗಿ ವೈದ್ಯರ ಹತ್ತಿರ ನಾಲ್ಕೇ ಮಾತು ಹೇಳಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಾಹನ, ಹೇಗೆ ತಾಗಿತು. ನಂಬರು ಗೊತ್ತಿದ್ದರೆ ಅದನ್ನೂ ಹೇಳಿ. ಗೊತ್ತಿಲ್ಲದಿದ್ದರೆ ಊಹಿಸಿ ಹೇಳಬೇಡಿ. ಮೆಡಿಕೋ ಲೀಗಲ್ ಕೇಸ್ ಎಂದು ನಮೂದಿಸಿ ಠಾಣೆಗೆ ಮಾಹಿತಿ ಕಳಿಸಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ.

ಠಾಣೆಯಲ್ಲಿ ದೂರು ತಡವಾದರೆ ತಡಕ್ಕೆ ಕಾರಣ ಬರೆಸಿ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಕೊನೆಗೆ ದೋಷಾರೋಪ ಪಟ್ಟಿ ನಮ್ಮ ಕೇಸಿನ ಬೆನ್ನೆಲುಬು. ಗಾಡಿ ಓಡಿಸುತ್ತಿದ್ದ ಹುಡುಗನಿಗೆ ಲೈಸೆನ್ಸ್ ಇಲ್ಲವೆಂದು ಅಣ್ಣನ ಹೆಸರನ್ನು ಚಾಲಕನೆಂದು ಬರೆಸುವುದು ಮಾತ್ರ ಬೇಡವೇ ಬೇಡ. ಅದು ಅಪರಾಧ, ಹೊರಬಿದ್ದರೆ ಕೇಸೂ ಹೋಗುತ್ತದೆ. ಗಾಡಿ ಕೊಟ್ಟವರಿಗೂ ಒಂದು ಮಾತು: ಅಪ್ರಾಪ್ತರ ಕೈಗೆ ವಾಹನ ಕೊಟ್ಟ ಪೋಷಕರಿಗೆ ಅಥವಾ ಮಾಲೀಕರಿಗೆ ಈಗ ಮೂರು ವರ್ಷದವರೆಗೆ ಜೈಲು, ₹25,000 ದಂಡ ಇದೆ.

ಅರ್ಜಿಯನ್ನು ಅಪಘಾತ ನಡೆದ ಜಾಗದಲ್ಲೇ ಹಾಕಬೇಕೆಂದಿಲ್ಲ. ನೀವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಬೆಂಗಳೂರಿನಲ್ಲಿ ಇದು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ನಡೆಯುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಆ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಹಾಗೆಂದು ಕಾಯುತ್ತಾ ಕೂರುವ ಧೈರ್ಯ ಯಾರೂ ಮಾಡಬಾರದು. ಆಸ್ಪತ್ರೆ ಬಾಗಿಲಲ್ಲೇ ಕಾದು ನಿಂತು ‘ಬಂದದ್ದರಲ್ಲಿ ಇಷ್ಟು ಪಾಲು ಕೊಡಿ’ ಎನ್ನುವ ದಲ್ಲಾಳಿಗಳಿಂದ ದೂರವಿರಿ. ಪರಿಹಾರದಲ್ಲಿ ಪಾಲು ಮಾತಾಡಿಕೊಂಡು ಕೇಸು ನಡೆಸುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ.

ಎಷ್ಟು ಬರುತ್ತದೆ? ಸಾವಿನ ಪ್ರಕರಣದಲ್ಲಿ ಲೆಕ್ಕ ಬಹುಮಟ್ಟಿಗೆ ನಿಗದಿಯಾಗಿದೆ. ವಯಸ್ಸಿಗೆ ತಕ್ಕ ಗುಣಕವನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಕೋಷ್ಟಕವಾಗಿ ಕೊಟ್ಟಿತು. ಮುಂದೆ ಆಗಬಹುದಾದ ಆದಾಯ ಹೆಚ್ಚಳವನ್ನು ಹೇಗೆ ಸೇರಿಸಬೇಕೆಂದು 2017ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. 32 ವರ್ಷದ ಗಾರೆ ಕೆಲಸದವನೊಬ್ಬ ತೀರಿಕೊಂಡ ಎನ್ನೋಣ. ತಿಂಗಳ ಆದಾಯ ₹15,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನೇ ನೆಚ್ಚಿದ್ದರು. ಸ್ವಂತ ದುಡಿಮೆಯವನಾದ್ದರಿಂದ, ನಲವತ್ತರೊಳಗಿನ ವಯಸ್ಸಿಗೆ ಶೇ. 40 ಸೇರಿಸಿದರೆ ₹21,000. ಅವಲಂಬಿತರು ನಾಲ್ವರಿದ್ದರೆ ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆಯುತ್ತಾರೆ; ಉಳಿದದ್ದು ₹15,750. ಅದನ್ನು 12ರಿಂದ, ಆಮೇಲೆ ಅವನ ವಯಸ್ಸಿನ ಗುಣಕವಾದ 16ರಿಂದ ಗುಣಿಸಿದರೆ ₹30,24,000. ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು ಇದರ ಮೇಲೆ. ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರುವ ಮುಂಚೆ ಈ ಲೆಕ್ಕವನ್ನು ನೀವೇ ಒಂದು ಹಾಳೆಯ ಮೇಲೆ ಹಾಕಿಕೊಳ್ಳಿ. ರಾಜಿಯಾದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ಗಾಯಾಳುವಿನ ವಿಷಯದಲ್ಲಿ ವೈದ್ಯರು ಹೇಳುವ ಶೇಕಡಾವಾರು ಅಂಗವೈಕಲ್ಯವೇ ಕೊನೆಯ ಮಾತಲ್ಲ. ಆ ಊನದಿಂದ ಆತನ ದುಡಿಮೆಗೆ ಎಷ್ಟು ಪೆಟ್ಟಾಯಿತು ಎಂದು ನೋಡಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಬಲಗಾಲು ಕಳೆದುಕೊಂಡ ಕರ್ನಾಟಕದ ಒಬ್ಬ ತರಕಾರಿ ವ್ಯಾಪಾರಿಯ ಪ್ರಕರಣದಲ್ಲಿ, 2014ರಲ್ಲಿ, ಅದೇ ಕೋರ್ಟು ದುಡಿಮೆಯ ನಷ್ಟವನ್ನು ಶೇ. 85 ಎಂದು ಎಣಿಸಿತು. ತರಕಾರಿ ಮಾರುವವನು ಆದಾಯಕ್ಕೆ ಕಾಗದ ತೋರಿಸಲೇಬೇಕೆಂದು ಅದು ಪಟ್ಟು ಹಿಡಿಯಲಿಲ್ಲ. ಮನೆವಾರ್ತೆ ನೋಡಿಕೊಳ್ಳುವ ಹೆಣ್ಣುಮಕ್ಕಳಿಗೂ ಆದಾಯ ಲೆಕ್ಕ ಹಾಕಲೇಬೇಕು. ‘ಅವಳು ಮನೆಯಲ್ಲೇ ಇದ್ದಳು’ ಎಂದು ಸಂಬಂಧಿಕರೇ ಹೇಳಿದಾಗ ನನಗೆ ಸಂಕಟವಾಗುತ್ತದೆ. ಅವಳು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಸಾಕ್ಷ್ಯದಲ್ಲಿ ವಿವರವಾಗಿ ಹೇಳಿ.

ಹಣ ಬಂದ ಮೇಲೂ ಕಾಯುವ ಕೆಲಸ ಮುಗಿಯುವುದಿಲ್ಲ. ವಿಧವೆಯ, ಮಕ್ಕಳ ಪಾಲಿನ ಒಂದು ಭಾಗವನ್ನು ನ್ಯಾಯಮಂಡಳಿ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಕೆಲವರಿಗೆ ಇದು ಕಿರಿಕಿರಿ. ಸಂಬಂಧಿಕರ ಸಾಲಕ್ಕೆ, ವ್ಯಾಪಾರಕ್ಕೆ ಕರಗಿಹೋದ ಪರಿಹಾರಗಳನ್ನು ಕಂಡವನಾಗಿ ನಾನು ಇದು ಸರಿ ಅನ್ನುತ್ತೇನೆ.

ಗೆದ್ದರೂ ಕಾಸು ಕೈಗೆ ಬಾರದ ಕೇಸುಗಳು ಬೇರೆ ಇವೆ, ಅವು ವಿಮೆಯ ಕೇಸುಗಳು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಜೊತೆಗೆ ಕೊಡುವ ವಾಹನ ಹಾನಿಯ ವಿಮೆ ಸಾಮಾನ್ಯವಾಗಿ ಒಂದೇ ವರ್ಷಕ್ಕೆ. ಎರಡನೇ ವರ್ಷ ಅದನ್ನು ನವೀಕರಿಸದೆ ‘ಇನ್ಶೂರೆನ್ಸ್ ಇದೆಯಲ್ಲ’ ಎಂದುಕೊಂಡು ಸುಮ್ಮನಿರುತ್ತಾರೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ, ಸವಾರನ ತಪ್ಪಿನಿಂದ ಹಿಂದೆ ಕೂತ ಹೆಂಡತಿಗೋ ಗೆಳೆಯನಿಗೋ ಪೆಟ್ಟಾದರೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಎದುರಿನ ವಾಹನದ ತಪ್ಪಿದ್ದರೆ ಮಾತ್ರ ಅದರ ವಿಮೆಯಿಂದ ಕೇಳಬಹುದು. ಥರ್ಡ್ ಪಾರ್ಟಿ, ವಾಹನ ಹಾನಿ ಎರಡೂ ಸೇರಿದ ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂಬದಿ ಸವಾರನಿಗೂ ರಕ್ಷಣೆ ಉಂಟು. ಓಡಿಸುವ ಮಾಲೀಕನಿಗೆ ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಪ್ರತ್ಯೇಕವಾಗಿ ಇರಬೇಕು.

ಇದಕ್ಕಿಂತ ದೊಡ್ಡ ಅನ್ಯಾಯ ಟ್ರಾಕ್ಟರ್ ಟ್ರೇಲರಿನಲ್ಲಿ, ಗೂಡ್ಸ್ ಆಟೊದಲ್ಲಿ ನಡೆಯುತ್ತದೆ. ಮೆಣಸಿನಕಾಯಿ ಬಿಡಿಸಲು, ಕಬ್ಬು ಕಡಿಯಲು, ಮದುವೆಗೆ, ಜಾತ್ರೆಗೆ ಇಪ್ಪತ್ತು ಮೂವತ್ತು ಜನರನ್ನು ತುಂಬಿಕೊಂಡು ಹೋಗುತ್ತಾರೆ. ಅವು ಸರಕಿನ ವಾಹನಗಳು. ಸರಕಿನ ಜೊತೆ ಹೋಗುವ ಸರಕಿನ ಮಾಲೀಕನಿಗೋ ಅವನ ಪ್ರತಿನಿಧಿಗೋ ರಕ್ಷಣೆ ಇದೆ. ಸುಮ್ಮನೆ ಹತ್ತಿ ಕೂತವರಿಗೆ ವಿಮಾ ಕಂಪನಿ ಕೊಡಬೇಕಾಗಿಲ್ಲ ಎಂಬುದು 2003–04ರ ಸುಪ್ರೀಂ ಕೋರ್ಟ್ ತೀರ್ಪುಗಳ ಸಾರ. ಟ್ರೇಲರ್ ಪಲ್ಟಿಯಾದಾಗ ಆದೇಶ ಬರುವುದು ಮಾಲೀಕನ ಮೇಲೆ. ಅವನೂ ಸಾಲ ಮಾಡಿ ಟ್ರಾಕ್ಟರ್ ತಂದ ಸಣ್ಣ ರೈತ. ಲಕ್ಷಗಟ್ಟಲೆ ಪರಿಹಾರದ ಆದೇಶ ಕೈಯಲ್ಲಿ ಹಿಡಿದು ಒಂದು ರೂಪಾಯಿಯೂ ಕಾಣದ ಕುಟುಂಬಗಳು, ಹೊಲ ಮಾರಬೇಕಾಗಿ ಬಂದ ಮಾಲೀಕರು, ಇಬ್ಬರೂ ಒಂದೇ ಊರಿನವರು. ರಾತ್ರಿ ಹೊತ್ತು ಹಿಂದೀಪವಿಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ ಕಬ್ಬಿನ ಟ್ರೇಲರ್‌ಗಳದ್ದೂ ಇದೇ ಗೋಳು: ಅದಕ್ಕೆ ಬೈಕ್ ಗುದ್ದಿ ಸತ್ತವನ ಮೇಲೂ ಒಂದು ಪಾಲು ತಪ್ಪು ಹೊರಿಸಿ ಪರಿಹಾರ ಕಡಿತವಾಗುತ್ತದೆ. ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದ್ದರೆ ಆ ಸಾವೇ ತಪ್ಪುತ್ತಿತ್ತು.

ಡಿಕ್ಕಿ ಹೊಡೆದು ಓಡಿಹೋದ ವಾಹನ ಪತ್ತೆಯಾಗದಿದ್ದರೂ ಬರಿಗೈಯಲ್ಲಿ ಉಳಿಯಬೇಕಿಲ್ಲ. ಸಾವಾದರೆ ₹2 ಲಕ್ಷ, ತೀವ್ರ ಗಾಯಕ್ಕೆ ₹50,000 ಕೊಡುವ ಸರ್ಕಾರಿ ಯೋಜನೆ ಇದೆ. ಅರ್ಜಿ ಕಂದಾಯ ಇಲಾಖೆಯ ಅಧಿಕಾರಿಗೆ ಹೋಗುತ್ತದೆ.

ಓದುಗರಲ್ಲಿ ನನ್ನ ಕೋರಿಕೆ ಎರಡು. ನಿಮ್ಮ ಬೈಕಿನ ಪಾಲಿಸಿಯನ್ನು ಈ ವಾರವೇ ತೆಗೆದು ನೋಡಿ, ಹಿಂದೆ ಕೂರುವವರಿಗೆ ರಕ್ಷಣೆ ಇಲ್ಲದಿದ್ದರೆ ಪ್ಯಾಕೇಜ್ ಪಾಲಿಸಿ ಮಾಡಿಸಿ. ಹಳ್ಳಿಯಲ್ಲಿ ನೆಂಟರಿದ್ದರೆ, ಮುಂದಿನ ಸುಗ್ಗಿಗೆ ಆಳುಗಳನ್ನು ಟ್ರೇಲರಿನಲ್ಲಿ ಕರೆದೊಯ್ಯದೆ ಬಾಡಿಗೆಯ ಪ್ರಯಾಣಿಕ ವಾಹನ ಗೊತ್ತುಮಾಡುವಂತೆ ಅವರಿಗೆ ಫೋನ್ ಮಾಡಿ ಹೇಳಿ.