ಮೂರನೆಯವನ ಪಾಲು: ಸಾಫ್ಟ್‌ವೇರ್ ವ್ಯಾಪಾರದಲ್ಲಿ ಪಾವತಿ ಸಂಸ್ಥೆಯನ್ನು ಆರಿಸುವ ವಿವೇಕ

ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ನಾಲ್ಕೈದು ಮಂದಿ ಒಟ್ಟುಗೂಡಿ ಒಂದು ಸಾಫ್ಟ್‌ವೇರನ್ನು ರಚಿಸಿ, ಅದನ್ನು ಅಮೆರಿಕ, ಯೂರೋಪುಗಳ ಗಿರಾಕಿಗಳಿಗೆ ತಿಂಗಳ ಚಂದಾ ಲೆಕ್ಕದಲ್ಲಿ ಮಾರುವುದು ಈಗ ನಮ್ಮ ನಾಡಿನಲ್ಲಿ ನೆಲೆಗೊಂಡ ಉದ್ಯಮವಾಗಿದೆ. ಅಂಗಡಿಯ ಮುಖವಿಲ್ಲದ ಈ ವ್ಯಾಪಾರಕ್ಕೆ ಗಿರಾಕಿಯನ್ನು ಕರೆತರುವ ಭಾರವನ್ನು ಅನೇಕ ವೇಳೆ ಹೊರುವವರು ಅಫಿಲಿಯೇಟರು; ಎಂದರೆ, ತಮ್ಮ ಬರೆಹದಲ್ಲಿಯೋ ವಿಡಿಯೋದಲ್ಲಿಯೋ ಸರಕಿನ ಗುಣದೋಷಗಳನ್ನು ವಿವರಿಸಿ, ತಮ್ಮ ಗುರುತುಳ್ಳ ಲಿಂಕೊಂದನ್ನು ಅಲ್ಲಿರಿಸಿ, ಅದರ ಮೂಲಕ ನಡೆದ ಪ್ರತಿಯೊಂದು ಮಾರಾಟದಲ್ಲಿಯೂ ಕಮಿಷನ್ನಿಗೆ ಬಾಧ್ಯರಾದವರು. ಅಮೆಜಾನ್ ಸಂಸ್ಥೆ 1996ರಲ್ಲಿ ಕೈಗೊಂಡ ಯೋಜನೆಯಿಂದ ಲೋಕಪರಿಚಿತವಾದ ಈ ಪದ್ಧತಿ, ಸಣ್ಣ ಉದ್ಯಮಗಳಿಗೆ ಜಾಹೀರಾತಿನ ಮುಂಗಡ ವೆಚ್ಚವಿಲ್ಲದೆ ಮಾರುಕಟ್ಟೆಯನ್ನು ತೆರೆದುಕೊಟ್ಟಿತು.

ಇಂಥ ಉದ್ಯಮಿಯು ಹಣ ಸ್ವೀಕರಿಸುವುದಕ್ಕಾಗಿ ಪಾವತಿ ಸಂಸ್ಥೆಯೊಂದನ್ನು ಆರಿಸಹೊರಟಾಗ ಮೊತ್ತಮೊದಲು ವಿಚಾರಿಸುವುದು ಅದರ ಶುಲ್ಕವನ್ನು. ನನ್ನ ದೃಢವಾದ ಅಭಿಪ್ರಾಯದಲ್ಲಿ ಅದು ಕಟ್ಟಕಡೆಗೆ ಕೇಳತಕ್ಕ ಪ್ರಶ್ನೆ. ಮೊದಲು ಕೇಳತಕ್ಕದ್ದು ಮೂರನೆಯವನ, ಎಂದರೆ ಅಫಿಲಿಯೇಟನ, ಪಾಲನ್ನು ಯಾರು ಎಣಿಸುತ್ತಾರೆ, ಯಾರು ಕಾದಿರಿಸುತ್ತಾರೆ, ಯಾರು ಸಲ್ಲಿಸುತ್ತಾರೆ ಎಂಬುದನ್ನು. ಶಿವಮೊಗ್ಗೆಯ ಮಂಡಿಯಲ್ಲಿ ಅಡಿಕೆ ಬೆಳೆಗಾರನು ತೂಕವನ್ನು ಕಣ್ಣಾರೆ ಕಂಡು ಪಟ್ಟಿಯನ್ನು ಕೈಯಲ್ಲಿ ಹಿಡಿದು ಮನೆಗೆ ಮರಳಬಲ್ಲನು. ಅಫಿಲಿಯೇಟನಿಗಾದರೋ ತಕ್ಕಡಿಯೂ ಕಾಣದು, ತೂಗುವವನೂ ಕಾಣನು. ಮಾರಿದವನು ತೋರಿಸಿದ ಅಂಕಿಯನ್ನು ನಂಬುವುದಲ್ಲದೆ ಅವನಿಗೆ ಅನ್ಯ ಮಾರ್ಗವಿಲ್ಲ.

ಶುಲ್ಕದ ವ್ಯತ್ಯಾಸ ಎಷ್ಟು ಅಲ್ಪವಾದುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅಮೆರಿಕದಲ್ಲಿ ಸ್ಟ್ರೈಪ್ ಸಂಸ್ಥೆ ಕಾರ್ಡಿನ ವ್ಯವಹಾರಕ್ಕೆ ವಿಧಿಸುವ ಪ್ರಕಟಿತ ಸಾಮಾನ್ಯ ದರ ಶೇಕಡಾ 2.9 ಮತ್ತು 30 ಸೆಂಟು. ಲಂಡನ್ನಿನ ಪ್ಯಾಡಲ್ ಸಂಸ್ಥೆಯದು ಶೇಕಡಾ 5 ಮತ್ತು 50 ಸೆಂಟು. 50 ಡಾಲರಿನ ಮಾರಾಟದಲ್ಲಿ ಮೊದಲನೆಯದಕ್ಕೆ 1.75 ಡಾಲರು, ಎರಡನೆಯದಕ್ಕೆ 3 ಡಾಲರು ಸಲ್ಲುತ್ತದೆ, ಅಂತರ 1.25 ಡಾಲರು. ಅದೇ ಮಾರಾಟದಲ್ಲಿ ಶೇಕಡಾ 30ರ ಕಮಿಷನ್ ಗೊತ್ತುಮಾಡಿದ್ದರೆ ಅಫಿಲಿಯೇಟನಿಗೆ ಸೇರತಕ್ಕದ್ದು 15 ಡಾಲರು. ಹದಿನೈದರ ಲೆಕ್ಕವನ್ನು ಅಲಕ್ಷಿಸಿ ಒಂದೂಕಾಲರ ಬಗ್ಗೆ ಚೌಕಾಶಿ ಮಾಡುವುದು ವ್ಯಾಪಾರಧರ್ಮಕ್ಕೂ ಒಪ್ಪದು, ವ್ಯಾಪಾರಬುದ್ಧಿಗೂ ಒಪ್ಪದು.

ಈ ಸಂಸ್ಥೆಗಳಲ್ಲಿ ಮೂಲತಃ ಎರಡು ವರ್ಗಗಳುಂಟು. ಸ್ಟ್ರೈಪ್, ರೇಜರ್‌ಪೇ ಮೊದಲಾದವು ಹಣವನ್ನು ಗಿರಾಕಿಯಿಂದ ವರ್ತಕನಿಗೆ ಮುಟ್ಟಿಸುವ ವಾಹಕಗಳು. ಕಾನೂನಿನ ದೃಷ್ಟಿಯಲ್ಲಿ ಮಾರಿದವನು ವರ್ತಕನೇ ಆಗಿ ಉಳಿಯುತ್ತಾನೆ. ಪ್ಯಾಡಲ್, ಫಾಸ್ಟ್‌ಸ್ಪ್ರಿಂಗ್ ಮೊದಲಾದವು ತಾವೇ ಮಾರಾಟಗಾರರ ಸ್ಥಾನದಲ್ಲಿ ನಿಂತು, ಗಿರಾಕಿಗೆ ತಮ್ಮ ಹೆಸರಿನಲ್ಲಿ ಬಿಲ್ಲು ಕೊಟ್ಟು, ತೆರಿಗೆಯನ್ನು ತಾವೇ ಕಟ್ಟಿ, ಉಳಿದುದನ್ನು ಸಾಫ್ಟ್‌ವೇರಿನ ಕರ್ತೃವಿಗೆ ಸಲ್ಲಿಸುತ್ತವೆ. ಯೂರೋಪಿನ ಒಕ್ಕೂಟದಲ್ಲಿ 2015ರ ಜನವರಿಯಿಂದ ಡಿಜಿಟಲ್ ಸೇವೆಗೆ ಕೊಳ್ಳುವವನ ದೇಶದ ತೆರಿಗೆಯೇ ಅನ್ವಯಿಸುತ್ತದೆ. ಜರ್ಮನಿಯಲ್ಲಿ ಅದು ಶೇಕಡಾ 19, ಹಂಗೇರಿಯಲ್ಲಿ ಶೇಕಡಾ 27. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ವೇಫೇರ್ ಮೊಕದ್ದಮೆಯಲ್ಲಿ, ತಮ್ಮಲ್ಲಿ ಮಳಿಗೆಯಿಲ್ಲದ ವರ್ತಕನಿಂದಲೂ ರಾಜ್ಯಗಳು ಮಾರಾಟ ತೆರಿಗೆಯನ್ನು ಸಂಗ್ರಹಿಸಬಹುದೆಂದು ತೀರ್ಪಿತ್ತಿತು. ನಾಲ್ಕು ಮಂದಿಯ ಸಂಸ್ಥೆ ಇಷ್ಟೆಲ್ಲ ದೇಶಗಳಿಗೂ ರಾಜ್ಯಗಳಿಗೂ ಲೆಕ್ಕವೊಪ್ಪಿಸುವುದು ದುಸ್ಸಾಧ್ಯವಾದ್ದರಿಂದ, ಎರಡನೆಯ ವರ್ಗದ ಹೆಚ್ಚಿನ ಶುಲ್ಕ ಅನೇಕರಿಗೆ ಸಾರ್ಥಕವಾದ ವೆಚ್ಚವೇ ಆಗುತ್ತದೆ.

ಕಮಿಷನ್ನಿನ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದುದು. ಅದನ್ನು ತೆರಿಗೆ ಸೇರಿದ ಬೆಲೆಯ ಮೇಲೆ ಕಟ್ಟಬೇಕೋ, ತೆರಿಗೆ ಕಳೆದ ಬೆಲೆಯ ಮೇಲೆ ಕಟ್ಟಬೇಕೋ ಎಂಬುದು ಮೊದಲೇ ನಿಷ್ಕರ್ಷೆಯಾಗಿರಬೇಕು. ಗಿರಾಕಿಯು ಚಂದಾ ನವೀಕರಿಸಿದಾಗ, ಮೇಲಿನ ದರ್ಜೆಗೆ ಹೋದಾಗ, ಹಣ ಹಿಂಪಡೆದಾಗ ಪಾಲು ತಾನಾಗಿ ಹೆಚ್ಚು ಕಡಿಮೆಯಾಗಬೇಕು. ವೀಸಾ ಕಾರ್ಡಿನ ನಿಯಮದಂತೆ ಅನೇಕ ಬಗೆಯ ತಕರಾರುಗಳಿಗೆ 120 ದಿನಗಳವರೆಗೆ ಅವಕಾಶವಿರುವುದರಿಂದ, ಮಾರಾಟವಾದ ಮರುದಿನವೇ ಕಮಿಷನ್ ಸಂದಾಯ ಮಾಡಿದ ವರ್ತಕನು ಹಣ ಮರಳಿಹೋದಾಗ ಎರಡು ಕಡೆಯೂ ನಷ್ಟಕ್ಕೀಡಾಗುವನು. ಗಿರಾಕಿಯು ಯಾರ ಲಿಂಕಿನಿಂದ ಬಂದನೆಂಬ ಗುರುತನ್ನು ಬ್ರೌಸರಿನಲ್ಲಿ ಸಾಮಾನ್ಯವಾಗಿ ಕುಕೀ ಎಂಬ ಸಣ್ಣ ದಾಖಲೆ ಉಳಿಸಿಕೊಳ್ಳುತ್ತದೆ; ಆದರೆ ಸಫಾರಿ ಬ್ರೌಸರಿನಲ್ಲಿ 2019ರಿಂದ ಪುಟದ ಸ್ಕ್ರಿಪ್ಟು ಇಟ್ಟ ಕುಕೀ ಏಳು ದಿನಗಳಲ್ಲಿ ಅಳಿಯುವುದರಿಂದ, ಅದೊಂದನ್ನೇ ಆಧರಿಸಿ 60 ದಿನಗಳ ಗುರುತನ್ನು ವಾಗ್ದಾನ ಮಾಡುವುದು ಆ ಗಿರಾಕಿಗಳ ಮಟ್ಟಿಗೆ ಹುಸಿಯಾಗುತ್ತದೆ. ಗಿರಾಕಿಯ ಖಾತೆಗೇ ಅಫಿಲಿಯೇಟನ ಗುರುತನ್ನು ಸೇರಿಸಿ, ಪಾವತಿಯ ದಾಖಲೆಯಲ್ಲಿ ಅದನ್ನು ಸ್ಥಿರಪಡಿಸುವ ವ್ಯವಸ್ಥೆಯೇ ನ್ಯಾಯವಾದುದು.

ನಮ್ಮ ದೇಶದ ಉದ್ಯಮಿಗೆ ಇನ್ನೂ ಕೆಲವು ನಿರ್ಬಂಧಗಳುಂಟು. ಭಾರತದ ವರ್ತಕನ ಪೇಪಾಲ್ ಖಾತೆಗೆ ಬಂದ ರಫ್ತಿನ ಹಣವನ್ನು ಅಲ್ಲಿಂದಲೇ ವಿದೇಶದ ಅಫಿಲಿಯೇಟನಿಗೆ ಕಳುಹಿಸುವುದಕ್ಕೆ 2011ರ ನಿಯಮವು ಅವಕಾಶವೀಯದು. ಹಣ ಮೊದಲು ಇಲ್ಲಿಯ ಬ್ಯಾಂಕಿಗೆ ಬಂದೇ ತೀರಬೇಕು. ಸ್ಟ್ರೈಪ್ 2024ರಿಂದ ಭಾರತದಲ್ಲಿ ಆಹ್ವಾನಿತರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ. ಸ್ವದೇಶದ ಅಫಿಲಿಯೇಟನ ಕಮಿಷನ್ ವರ್ಷಕ್ಕೆ 20,000 ರೂಪಾಯಿಯನ್ನು ಮೀರಿದರೆ ಶೇಕಡಾ 2ರ ಟಿಡಿಎಸ್ ಹಿಡಿಯುವ ಹೊಣೆಯೂ ಸಾಮಾನ್ಯವಾಗಿ ಸೇರಿಕೊಳ್ಳುತ್ತದೆ. ಆದಕಾರಣ ಪಾವತಿ ಸಂಸ್ಥೆಯೇ ಅಫಿಲಿಯೇಟನ ಪಾಲನ್ನು ಪ್ರತ್ಯೇಕಿಸಿ ನೇರವಾಗಿ ಸಲ್ಲಿಸುವ ಏರ್ಪಾಡಿದ್ದರೆ ಅನೇಕ ತೊಡಕುಗಳು ನೀಗುತ್ತವೆ.

ಆದರೆ ಸರ್ವಸ್ವವನ್ನೂ ಒಬ್ಬರ ಕೈಗೊಪ್ಪಿಸುವುದರಲ್ಲಿ ಅಪಾಯವೂ ಅಡಗಿದೆ. 1994ರಲ್ಲಿ ಮಿನೆಸೋಟದಲ್ಲಿ ಹುಟ್ಟಿ, ಜರ್ಮನಿಯ ಶೇರ್-ಇಟ್ ಸೇವೆಯನ್ನು 2004ರಲ್ಲಿ ತನ್ನದಾಗಿಸಿಕೊಂಡು, ಸಾಫ್ಟ್‌ವೇರ್ ಮಾರಾಟದಲ್ಲಿ ಅಗ್ರಗಣ್ಯವಾಗಿದ್ದ ಡಿಜಿಟಲ್ ರಿವರ್ ಸಂಸ್ಥೆ 2025ರ ಆದಿಯಲ್ಲಿ ವ್ಯವಹಾರವನ್ನು ಮುಚ್ಚತೊಡಗಿದಾಗ, ಅದನ್ನು ನಂಬಿದ್ದ ಅನೇಕ ವರ್ತಕರ ಮಾರಾಟದ ಹಣ ಅದರಲ್ಲಿಯೇ ಸಿಕ್ಕಿಬಿದ್ದಿತ್ತು. ಆದುದರಿಂದ ಹಣ ಎಷ್ಟು ದಿನ ಅವರಲ್ಲಿರುತ್ತದೆ, ಸಂಸ್ಥೆಯನ್ನು ಬಿಡುವಾಗ ಗಿರಾಕಿಗಳ ಕಾರ್ಡಿನ ಅಧಿಕಾರಪತ್ರಗಳನ್ನೂ ಅಫಿಲಿಯೇಟರ ಹಿಂದಿನ ಲೆಕ್ಕವನ್ನೂ ಬೇರೆಡೆಗೆ ಒಯ್ಯಬಹುದೇ ಎಂಬುದನ್ನು ಒಡಂಬಡಿಕೆಗೆ ಸಹಿ ಹಾಕುವ ಮೊದಲೇ ಲಿಖಿತರೂಪದಲ್ಲಿ ಪಡೆಯುವುದು ವಿಹಿತ.

ಗಿರಾಕಿಗಳೂ ಅಫಿಲಿಯೇಟರೂ ಹಲವು ದೇಶಗಳಲ್ಲಿ ಹರಡಿರುವ ಸಣ್ಣ ಸಂಸ್ಥೆಗೆ, ತಾನೇ ಮಾರಾಟಗಾರನಾಗಿ ನಿಂತು ಅಫಿಲಿಯೇಟರ ಖಾತೆಯನ್ನೂ ಜೊತೆಗೇ ನಡೆಸುವ ಮಧ್ಯಸ್ಥನು ಯುಕ್ತನು. ಬಹುತೇಕ ವ್ಯಾಪಾರ ದೇಶದೊಳಗೇ ನಡೆಯುವುದಾದರೆ, ಪಾಲು ವಿಂಗಡಿಸಬಲ್ಲ ಇಲ್ಲಿಯ ಗೇಟ್‌ವೇಯೇ ಸಾಕು. ಎರಡರಲ್ಲಿ ಯಾವುದನ್ನಾರಿಸಿದರೂ ಅಫಿಲಿಯೇಟನು ತನ್ನ ಲೆಕ್ಕವನ್ನು ತಾನೇ ತೆರೆದು ನೋಡುವಂತಿರಲಿ, ಗೊತ್ತಾದ ದಿನ ಅವನ ಹಣ ಅವನಿಗೆ ಮುಟ್ಟಲಿ. ತನ್ನನ್ನು ಕಂಡರಿಯದ ಮನುಷ್ಯನೊಬ್ಬನು ತನ್ನ ಸರಕಿಗಾಗಿ ತನ್ನ ಮಾತಿನ ಮರ್ಯಾದೆಯನ್ನು ಪಣವಾಗಿಟ್ಟಿರುವನೆಂಬುದನ್ನು ಅರಿತ ವರ್ತಕನು, ಅವನ ಪಾಲನ್ನು ಖರ್ಚಿನ ಬಾಬತ್ತಿನಲ್ಲಿ ಬರೆಯದೆ, ಋಣದ ಬಾಬತ್ತಿನಲ್ಲಿ ಬರೆಯತಕ್ಕದ್ದು.