ರಿಂಗಿನ ಬದಿಯ ಮಾತುಗಾರ: ಮೌರೊ ರನಾಲೊ ಮತ್ತು ಕಾಳಗದ ವೀಕ್ಷಕ ವಿವರಣೆ

ಆಕಾಶವಾಣಿಯ ಮೂಲಕ ಕನ್ನಡಿಗರ ಕಿವಿಗೆ ಪರಿಚಿತವಾದ ‘ವೀಕ್ಷಕ ವಿವರಣೆ’ ಎಂಬ ಪದ ಸರಳವಾಗಿ ಕಂಡರೂ, ನೋಡಿದವನೇ ವಿವರಿಸಬೇಕು, ವಿವರಿಸುವವನು ಮೊದಲು ಸರಿಯಾಗಿ ನೋಡಿರಬೇಕು ಎಂಬ ಎರಡು ಷರತ್ತುಗಳನ್ನು ತನ್ನೊಳಗೆ ಇಟ್ಟುಕೊಂಡಿದೆ. ಕ್ರಿಕೆಟ್ಟಿನಲ್ಲಿ ಒಂದು ಎಸೆತ ಮುಗಿದು ಬೌಲರ್ ತನ್ನ ಗುರುತಿಗೆ ಮರಳುವವರೆಗೂ ಬಿಡುವಿರುವುದರಿಂದ ನೋಟ ಮೊದಲು, ಮಾತು ಆಮೇಲೆ ಎಂಬ ಕ್ರಮ ತಾನಾಗಿಯೇ ಒದಗುತ್ತದೆ. ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಮತ್ತು ಮಿಶ್ರ ಸಮರಕಲೆಗಳಲ್ಲಿ ಅಂಥ ಬಿಡುವಿಲ್ಲ. ಮೂರು ನಿಮಿಷದ ಒಂದು ಸುತ್ತಿನೊಳಗೆ ಬೀಳುವ ಹೊಡೆತಗಳನ್ನೆಲ್ಲ ಹೆಸರಿಸಲು ಹೊರಟವನ ನಾಲಿಗೆ ಸೋಲುವುದು ಖಂಡಿತವಾದ್ದರಿಂದ, ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯೇ ಇಲ್ಲಿ ಕಲೆಯ ತಿರುಳಾಗುತ್ತದೆ.

ಈ ಕಲೆಯ ಆರಂಭ ಬಾನುಲಿಯ ಆರಂಭದೊಂದಿಗೇ ಹೆಣೆದುಕೊಂಡಿದೆ. 1921ರ ಜುಲೈ 2ರಂದು ಅಮೆರಿಕದ ಜರ್ಸಿ ಸಿಟಿಯಲ್ಲಿ ಬಾಕ್ಸರ್ ಜ್ಯಾಕ್ ಡೆಂಪ್ಸಿ ಫ್ರಾನ್ಸಿನ ಜಾರ್ಜ್ ಕಾರ್ಪೆಂಟಿಯೆಯನ್ನು ನಾಲ್ಕನೆಯ ಸುತ್ತಿನಲ್ಲಿ ಕೆಡವಿದಾಗ, ರಿಂಗಿನ ಪಕ್ಕದಲ್ಲಿದ್ದ ಜೆ. ಆ್ಯಂಡ್ರೂ ವೈಟ್ ಎಂಬಾತ ದೂರವಾಣಿಯಲ್ಲಿ ಹೇಳುತ್ತಿದ್ದ ವಿವರವನ್ನು ಹೋಬೋಕನ್‌ನ ಪ್ರಸಾರ ಕೇಂದ್ರದಲ್ಲಿದ್ದ ಮತ್ತೊಬ್ಬ ವ್ಯಕ್ತಿ ಕೇಳುಗರಿಗೆ ಮರುದಾಟಿಸಿದ. ಅಂದರೆ ಮೊದಲ ದೊಡ್ಡ ಪ್ರಸಾರದಲ್ಲಿ ನೋಡಿದವನ ಕಣ್ಣು ಬೇರೆ, ಕೇಳಿಸಿದ ದನಿ ಬೇರೆ. ಇವೆರಡನ್ನೂ ಒಂದೇ ದೇಹದಲ್ಲಿ ಕೂಡಿಸಿ ಈ ವೃತ್ತಿಗೆ ಶಿಸ್ತು ತಂದವರಲ್ಲಿ ಡಾನ್ ಡನ್ಫಿ ಮುಖ್ಯ. 1941ರ ಜೂನ್ 18ರಂದು ಅಂಕಗಳಲ್ಲಿ ಮುಂದಿದ್ದ ಬಿಲ್ಲಿ ಕಾನ್‌ನನ್ನು ಜೋ ಲೂಯಿಸ್ ಹದಿಮೂರನೆಯ ಸುತ್ತಿನಲ್ಲಿ ನೆಲಕ್ಕುರುಳಿಸಿದ ಪಂದ್ಯವನ್ನು ಬಾನುಲಿಗೆ ವಿವರಿಸಿದ ಡನ್ಫಿ, ಮೂವತ್ತು ವರ್ಷಗಳ ನಂತರ 1971ರ ಮಾರ್ಚ್ 8ರಂದು ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಅವರ ಮೊದಲ ಪಂದ್ಯಕ್ಕೂ ದನಿಯಾದರು. ಕಡಿಮೆ ಪದಗಳಲ್ಲಿ ಯಾರು, ಎಲ್ಲಿ, ಯಾವ ಕೈಯಿಂದ ಎಂಬುದನ್ನು ಹೇಳಿ ಮುಂದೆ ಸಾಗುವ ಅವರ ರೀತಿ ಇಂದಿಗೂ ಈ ವೃತ್ತಿಯ ಅಡಿಪಾಯ.

ಪ್ರಸಾರದ ಮೇಜಿನಲ್ಲಿ ಕೆಲಸ ಸಾಮಾನ್ಯವಾಗಿ ಎರಡಾಗಿ ಹಂಚಿಕೆಯಾಗಿರುತ್ತದೆ: ನಡೆಯುತ್ತಿರುವುದನ್ನು ಹೊಡೆತದ ಮೇಲೆ ಹೊಡೆತವಾಗಿ ಹೇಳುವವನು ಮುಖ್ಯ ವಿವರಣೆಗಾರ, ಅದು ಯಾಕೆ ಹಾಗೆ ನಡೆಯಿತೆಂದು ಬಿಡಿಸಿ ಹೇಳುವವನು ವಿಶ್ಲೇಷಕ. ಎರಡನೆಯ ಸ್ಥಾನಕ್ಕೆ ಹೆಚ್ಚಾಗಿ ನಿವೃತ್ತ ಕಾದಾಳುಗಳು ಬರುತ್ತಾರೆ. ಮೊದಲನೆಯ ಸ್ಥಾನದಲ್ಲಿರುವವನು ಸಾಮಾನ್ಯವಾಗಿ ಎಂದೂ ರಿಂಗಿಗೆ ಇಳಿಯದವನಾಗಿದ್ದು, ಅನುಭವದ ಕೊರತೆಯನ್ನು ಅಧ್ಯಯನದಿಂದಲೇ ತುಂಬಿಕೊಳ್ಳಬೇಕಾಗುತ್ತದೆ.

ಈ ಮೊದಲ ಸ್ಥಾನದಲ್ಲಿ ಕುಳಿತು, ಕಾಳಗದ ಕ್ರೀಡೆಗಳ ಬಹುತೇಕ ಎಲ್ಲ ಶಾಖೆಗಳಲ್ಲೂ ದುಡಿದವರು ಕೆನಡಾದ ಮೌರೊ ರನಾಲೊ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಆ್ಯಬಟ್ಸ್‌ಫರ್ಡ್‌ನಲ್ಲಿ 1969ರಲ್ಲಿ ಜನಿಸಿದ ಅವರು ಹದಿನಾರನೆಯ ವಯಸ್ಸಿಗೇ ವ್ಯಾಂಕೂವರ್ ಪ್ರದೇಶದ ವೃತ್ತಿಪರ ಕುಸ್ತಿ ಪ್ರಸಾರದಲ್ಲಿ ಮೈಕ್ ಹಿಡಿದರು. ವೃತ್ತಿಪರ ಕುಸ್ತಿ ಎಂದರೆ ಇಲ್ಲಿ ಮೈಸೂರು ದಸರೆಯ ಮಟ್ಟಿಯ ಕುಸ್ತಿಯಂಥದ್ದಲ್ಲ. ಫಲಿತಾಂಶ ಮೊದಲೇ ಗೊತ್ತಾಗಿರುವ, ಆದರೆ ಬೀಳುವ ಮೈ ಮಾತ್ರ ನಿಜವಾಗಿಯೂ ಬೀಳುವ ಒಂದು ಪ್ರದರ್ಶನ ಕಲೆ. 2003ರಿಂದ ಅವರು ಜಪಾನಿನ ಪ್ರೈಡ್ ಎಂಬ ಮಿಶ್ರ ಸಮರಕಲೆ ಸಂಸ್ಥೆಯ ಇಂಗ್ಲಿಷ್ ಪ್ರಸಾರದಲ್ಲಿ ಡಚ್ ಕಾದಾಳು ಬಾಸ್ ರೂಟನ್ ಜೊತೆಗೂಡಿದರು. ಆನಂತರ ಅಮೆರಿಕದ ಶೋಟೈಮ್ ವಾಹಿನಿಯಲ್ಲಿ ಎಲೀಟ್‌ಎಕ್ಸ್‌ಸಿ ಮತ್ತು ಸ್ಟ್ರೈಕ್‌ಫೋರ್ಸ್ ಎಂಬ ಮಿಶ್ರ ಸಮರಕಲೆ ಸಂಸ್ಥೆಗಳ ಪಂದ್ಯಗಳು, ಅದೇ ವಾಹಿನಿಯ ಬಾಕ್ಸಿಂಗ್, ಗ್ಲೋರಿ ಸಂಸ್ಥೆಯ ಕಿಕ್‌ಬಾಕ್ಸಿಂಗ್, ಜಪಾನಿನ ನ್ಯೂ ಜಪಾನ್ ಕುಸ್ತಿಯ ಇಂಗ್ಲಿಷ್ ವಿವರಣೆ, 2016ರಿಂದ ಡಬ್ಲ್ಯೂಡಬ್ಲ್ಯೂಇ ಎಂಬ ಕುಸ್ತಿ ಪ್ರದರ್ಶನ ಸಂಸ್ಥೆಯ ಸ್ಮ್ಯಾಕ್‌ಡೌನ್, ಬಳಿಕ ಅದೇ ಸಂಸ್ಥೆಯ ಎನ್‌ಎಕ್ಸ್‌ಟಿ ಮತ್ತು ಬೆಲೇಟರ್ ಸಂಸ್ಥೆಯ ಮಿಶ್ರ ಸಮರಕಲೆ ಎಂದು ಅವರ ಪಯಣ ಸಾಗಿತು.

ಇಷ್ಟು ಉದ್ದದ ಪಟ್ಟಿ ಒಬ್ಬ ವ್ಯಕ್ತಿಯ ಚಟುವಟಿಕೆಯನ್ನಷ್ಟೇ ತೋರಿಸುವುದಿಲ್ಲ; ಇದರಲ್ಲಿನ ಒಂದೊಂದು ಕ್ರೀಡೆಯೂ ವಿವರಣೆಗಾರನಿಂದ ಬೇರೆ ಬೇರೆ ಬಗೆಯ ನೋಟವನ್ನು ಬೇಡುತ್ತದೆ. ಬಾಕ್ಸಿಂಗಿನಲ್ಲಿ ಆಯುಧ ಎರಡು ಮುಷ್ಟಿಗಳು ಮಾತ್ರವಾದ್ದರಿಂದ ವಿವರಣೆಗಾರನ ಗಮನ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಚುಚ್ಚು ಹೊಡೆತ, ಹುಕ್ ಎಂಬ ಬಾಗಿದ ಬೀಸು, ಕಾಲು ನಿಲ್ಲುವ ಕೋನ ಇವುಗಳ ಮೇಲಿರುತ್ತದೆ. ಜೊತೆಗೆ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9 ಅಂಕ ಎಂಬ ಲೆಕ್ಕದಲ್ಲಿ ತೀರ್ಪುಗಾರರು ಆ ಸುತ್ತನ್ನು ಹೇಗೆ ನೋಡುತ್ತಿರಬಹುದೆಂಬ ಎಚ್ಚರವೂ ಬೇಕು. ಮಿಶ್ರ ಸಮರಕಲೆಯಲ್ಲಿ ಐದು ನಿಮಿಷದ ಸುತ್ತಿನ ನಡುವೆಯೇ ನಿಂತ ಹೋರಾಟ ನೆಲದ ಹೋರಾಟವಾಗಿ, ಒದೆತ ಪಟ್ಟಾಗಿ, ಪಟ್ಟು ಕತ್ತುಹಿಚುಕಾಗಿ ಬದಲಾಗುತ್ತದೆ. ಕೆಳಗೆ ಮಲಗಿದವನು ಸೋಲುತ್ತಿದ್ದಾನೆಂದು ಸಾಮಾನ್ಯ ಪ್ರೇಕ್ಷಕನಿಗೆ ಕಂಡರೂ, ಆತ ಎದುರಾಳಿಯ ತೋಳನ್ನು ಕಾಲುಗಳ ನಡುವೆ ಸೆಳೆದುಕೊಳ್ಳುತ್ತಿರುವುದನ್ನು ಒಂದೆರಡು ಸೆಕೆಂಡು ಮೊದಲೇ ಗುರುತಿಸದಿದ್ದರೆ ವಿವರಣೆ ಘಟನೆಯ ಹಿಂದೆ ಬಿದ್ದಂತೆ. ಪ್ರದರ್ಶನದ ಕುಸ್ತಿಯಲ್ಲಾದರೋ ಸವಾಲು ಬೇರೆ ಬಗೆಯದು. ಕಥೆ ಎತ್ತ ಸಾಗಬೇಕೆಂದು ಗೊತ್ತಾಗಿರುವ ಕಣದಲ್ಲಿ ಕುಳಿತವನು ಆ ಕಥೆಯ ಸಹಕರ್ತೃವೇ ಆಗಿರುತ್ತಾನೆ; ಯಕ್ಷಗಾನದ ಭಾಗವತನಿಗೆ ಪ್ರಸಂಗದ ಕೊನೆ ತಿಳಿದಿದ್ದರೂ ವೀರರಸದ ಪದವನ್ನು ಅವನು ತಣ್ಣಗೆ ಹಾಡುವುದಿಲ್ಲವಷ್ಟೆ, ಅಂಥ ನಿಷ್ಠೆಯೇ ಇಲ್ಲಿಯೂ ಬೇಕಾಗುತ್ತದೆ.

ರನಾಲೊ ಅವರ ವೈಶಿಷ್ಟ್ಯವೆಂದರೆ, ನಿಜವಾದ ಪಂದ್ಯದ ಪಾಠವನ್ನು ಪ್ರದರ್ಶನಕ್ಕೂ, ಪ್ರದರ್ಶನದ ನಾಟಕೀಯತೆಯನ್ನು ನಿಜವಾದ ಪಂದ್ಯಕ್ಕೂ ಕೊಂಡೊಯ್ದದ್ದು. ಕುಸ್ತಿಯ ಪ್ರಸಾರದಲ್ಲಿ ಅವರು ಪ್ರತಿ ಪಟ್ಟಿಗೂ ಅದರ ಸರಿಯಾದ ಹೆಸರನ್ನು ಗೌರವದಿಂದ ಹೇಳಿದರು. ಬಾಕ್ಸಿಂಗಿನಲ್ಲಿ ದನಿಯ ಏರಿಳಿತವನ್ನು ಹಾಡುಗಾರನಂತೆ ಬಳಸಿದರು. ಅಚ್ಚರಿಯ ಕ್ಷಣದಲ್ಲಿ ಅವರ ಬಾಯಿಂದ ಹೊರಡುವ ‘ಮಮ್ಮ ಮಿಯ’, ಅಂದರೆ ಇಟಾಲಿಯನ್ ಭಾಷೆಯ ‘ಅಯ್ಯೋ ಅಮ್ಮಾ’, ಅವರ ಗುರುತೇ ಆಗಿಬಿಟ್ಟಿತು. ಆದರೆ ಸಿನಿಮಾ ಮತ್ತು ಸಂಗೀತದ ಉಲ್ಲೇಖಗಳನ್ನು ಮೊದಲೇ ಹೊಸೆದಿಟ್ಟುಕೊಂಡು ತರುವ ಅವರ ರೂಢಿ ಕೆಲವೆಡೆ ಕಾಳಗಕ್ಕಿಂತ ಮಾತನ್ನೇ ಮುಂದೆ ಮಾಡುತ್ತದೆ ಎಂಬುದನ್ನೂ ಒಪ್ಪಬೇಕು. ಆ ವಿಷಯದಲ್ಲಿ ಡನ್ಫಿಯವರ ಮಿತವೇ ಮೇಲು.

ಈ ಏರುದನಿಯ ಹಿಂದಿನ ಬದುಕು ಹಗುರವಾದುದಲ್ಲ. ಉನ್ಮಾದ ಮತ್ತು ಖಿನ್ನತೆಗಳು ಸರದಿಯಂತೆ ಬಂದು ಕಾಡುವ ಬೈಪೋಲಾರ್ ಎಂಬ ಮನೋವ್ಯಾಧಿಯೊಂದಿಗೆ ಹರೆಯದಿಂದಲೂ ಬದುಕುತ್ತ ಬಂದ ರನಾಲೊ, ಅದನ್ನು ಮುಚ್ಚಿಡದೆ, ಹ್ಯಾರಿಸ್ ಉಸಾನೊವಿಚ್ ನಿರ್ದೇಶಿಸಿ 2018ರಲ್ಲಿ ಶೋಟೈಮ್‌ನಲ್ಲಿ ಪ್ರಸಾರವಾದ ‘ಬೈಪೋಲಾರ್ ರಾಕ್ ಎನ್ ರೋಲರ್’ ಸಾಕ್ಷ್ಯಚಿತ್ರದಲ್ಲಿ ತಮ್ಮ ಕುಸಿತದ ಗಳಿಗೆಗಳನ್ನೂ ಕ್ಯಾಮೆರಾದ ಮುಂದೆ ತೆರೆದಿಟ್ಟರು. ನೋವನ್ನು ನುಂಗಿಕೊಳ್ಳುವುದೇ ಗಂಡಸುತನವೆಂದು ನಂಬಿದ ಕ್ರೀಡಾಲೋಕದ ನಡುವೆ ನಿಂತು ಮಾಡಿದ ಈ ಕೆಲಸ, ಅವರ ಯಾವುದೇ ಪ್ರಸಾರಕ್ಕಿಂತ ಕಡಿಮೆಯದಲ್ಲ.

ಅವರ ವೃತ್ತಿಯ ವಿಸ್ತಾರ ಅತ್ಯಂತ ಸ್ಪಷ್ಟವಾಗಿ ಕಂಡದ್ದು 2017ರ ಆಗಸ್ಟ್‌ನ ಒಂದೇ ವಾರದಲ್ಲಿ. 19ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಎನ್‌ಎಕ್ಸ್‌ಟಿಯ ಪ್ರದರ್ಶನಕ್ಕೆ ದನಿಯಾದ ಅವರು, 26ರಂದು ಲಾಸ್ ವೇಗಸ್‌ನಲ್ಲಿ, ಸೋಲನ್ನೇ ಕಾಣದೆ 49 ಪಂದ್ಯ ಗೆದ್ದಿದ್ದ ಬಾಕ್ಸರ್ ಫ್ಲಾಯ್ಡ್ ಮೇವೆದರ್ ಮತ್ತು ಬಾಕ್ಸಿಂಗಿನಲ್ಲಿ ಅದು ಮೊದಲ ವೃತ್ತಿಪರ ಪಂದ್ಯವಾಗಿದ್ದ ಮಿಶ್ರ ಸಮರಕಲೆಯ ಚಾಂಪಿಯನ್ ಕೊನೊರ್ ಮೆಕ್‌ಗ್ರೆಗರ್ ನಡುವಿನ ಪಂದ್ಯಕ್ಕೆ ಆಲ್ ಬರ್ನ್‌ಸ್ಟೀನ್ ಮತ್ತು ಪೌಲಿ ಮಲಿನಾಜಿ ಜೊತೆ ಮೇಜಿನ ಮುಂದಿದ್ದರು. ಎರಡು ಕ್ರೀಡೆಗಳ ಪ್ರೇಕ್ಷಕರು ಒಂದೇ ಪರದೆಯ ಮುಂದೆ ಕುಳಿತ ಆ ರಾತ್ರಿ, ಮೆಕ್‌ಗ್ರೆಗರ್ ಅಪ್ಪುಗೆಯಲ್ಲಿ ಎದುರಾಳಿಯ ಬೆನ್ನ ಕಡೆಗೆ ಸರಿದು ಮುಷ್ಟಿಯನ್ನು ಸುತ್ತಿಗೆಯಂತೆ ಇಳಿಸಿದಾಗ, ಒಂದು ಕಣದಲ್ಲಿ ಸಹಜವಾದ ಆ ಚಲನೆ ಮತ್ತೊಂದರಲ್ಲಿ ನಿಯಮಬಾಹಿರವಾದದ್ದು ಯಾಕೆಂದು ಬಲ್ಲ ವಿವರಣೆಗಾರನ ಅಗತ್ಯ ತಾನಾಗಿ ಕಂಡುಬಂತು. ಆರಂಭದ ಸುತ್ತುಗಳಲ್ಲಿ ಕಾದು ನೋಡಿದ ಮೇವೆದರ್ ಎದುರಾಳಿಯ ಉಸಿರು ಕುಗ್ಗಿದ ಮೇಲೆ ಮುನ್ನುಗ್ಗಿದರು. ಹತ್ತನೆಯ ಸುತ್ತಿನಲ್ಲಿ ರೆಫರಿ ರಾಬರ್ಟ್ ಬರ್ಡ್ ನಡುವೆ ಬಂದು ಪಂದ್ಯವನ್ನು ನಿಲ್ಲಿಸಿದರು.