ಅಮಿಗ್ಡಲಾಗೆ ಭಯದ ಪಟ್ಟ ಕಟ್ಟಿದವರು ಯಾರು?

ವಿಜ್ಞಾನಿಗಳು ಎಸ್.ಎಂ. ಎಂದಷ್ಟೇ ಕರೆಯುವ ಅಮೆರಿಕದ ಮಹಿಳೆಯೊಬ್ಬರಿಗೆ ಅಮಿಗ್ಡಲಾ ಇಲ್ಲ. ಉರ್ಬಾಖ್-ವೀಥೆ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಮಿದುಳಿನ ಎಡ, ಬಲ ಎರಡೂ ಕಡೆ ಅದನ್ನು ಹಾಳುಗೆಡವಿದೆ. ಹಾವೆಂದರೆ ಆಗುವುದೇ ಇಲ್ಲ ಎನ್ನುತ್ತಿದ್ದ ಆಕೆಯನ್ನು ಸಂಶೋಧಕರು ಹಾವು ಮಾರುವ ಅಂಗಡಿಗೆ ಕರೆದೊಯ್ದರು. ಆಕೆ ಹಾವನ್ನು ಕೈಗೆತ್ತಿಕೊಂಡು, ಮೈ ಸವರಿ, ಹೊರಚಾಚಿದ ಅದರ ನಾಲಿಗೆಯನ್ನೂ ಮುಟ್ಟಿ ನೋಡಿದರು. 2011ರಲ್ಲಿ ಇದು ಪ್ರಕಟವಾದಾಗ, ಅಮಿಗ್ಡಲಾ ಭಯದ ಕೇಂದ್ರ ಎನ್ನಲು ಇನ್ನೇನು ಸಾಕ್ಷಿ ಬೇಕು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಎರಡು ವರ್ಷದ ಬಳಿಕ ಅದೇ ಆಕೆಗೆ, ಶೇ. 35ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಮಾಸ್ಕ್ ಮೂಲಕ ಒಂದು ಉಸಿರು ಎಳೆದುಕೊಳ್ಳಲು ಹೇಳಿದರು. ಹಾವಿಗೆ ಹೆದರದ ಎಸ್.ಎಂ. ಮಾಸ್ಕ್ ಕಡೆ ಕೈ ಬೀಸುತ್ತ ಸಹಾಯಕ್ಕೆ ಕೂಗಿಕೊಂಡರು. ಅದೇ ಕಾಯಿಲೆಯ ಅವಳಿ ಸೋದರಿಯರಿಬ್ಬರೂ ಹಾಗೆಯೇ ಕಂಗಾಲಾದರು. ಅಮಿಗ್ಡಲಾ ಸರಿಯಿದ್ದ ಬಹುಪಾಲು ಜನರಿಗೆ ಅಷ್ಟು ಗಾಬರಿ ಆಗಲಿಲ್ಲ. ಕೇಂದ್ರವೇ ಇಲ್ಲದವರಿಗೆ ಭಯ ಬಂದದ್ದಾದರೂ ಎಲ್ಲಿಂದ?

ಈ ಅಂಗಕ್ಕೆ ಹೆಸರಿಟ್ಟದ್ದು ಭಯ ನೋಡಿ ಅಲ್ಲ, ಆಕಾರ ನೋಡಿ. 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಬುರ್ಡಾಖ್‌ಗೆ ಅದು ಬಾದಾಮಿಯಂತೆ ಕಂಡಿತು. ಆಮೇಲೆ ಬಂದವರು ಅಕ್ಕಪಕ್ಕದ ನರಕೋಶಗಳ ಗುಂಪುಗಳನ್ನೂ ಅದೇ ಹೆಸರಿನಡಿ ತಂದರು. ಈಗ ಅವು ಹತ್ತಕ್ಕೂ ಹೆಚ್ಚು. ಇವನ್ನೆಲ್ಲ ಒಂದೇ ಅಂಗ ಎನ್ನಲು ಆಧಾರವೇ ಇಲ್ಲ ಎಂದು ಲ್ಯಾರಿ ಸ್ವಾನ್ಸನ್ ಮತ್ತು ಗೊರಿಕಾ ಪೆಟ್ರೊವಿಚ್ 1998ರಲ್ಲೇ ವಾದಿಸಿದ್ದರು. ಆ ಮಾತು ಪ್ರಯೋಗಾಲಯದಿಂದ ಆಚೆ ಹೆಚ್ಚು ಕೇಳಿಸಲಿಲ್ಲ.

ಭಯದ ಪಟ್ಟ ಸಿಕ್ಕಿದ್ದು ಇಲಿಗಳಿಂದ. ನ್ಯೂಯಾರ್ಕಿನ ಜೋಸೆಫ್ ಲೆಡೂ ಇಲಿಗೆ ಒಂದು ಶಬ್ದ ಕೇಳಿಸಿ, ಬೆನ್ನಿಗೇ ಸಣ್ಣದೊಂದು ಶಾಕ್ ಕೊಡುತ್ತಿದ್ದರು. ಕೆಲವೇ ಸಲದಲ್ಲಿ ಇಲಿ ಬರೀ ಶಬ್ದಕ್ಕೆ ಕಲ್ಲಾಗಿ ನಿಲ್ಲುತ್ತದೆ. ಅಮಿಗ್ಡಲಾ ಕೆಡಿಸಿದರೆ ನಿಲ್ಲುವುದಿಲ್ಲ. ಪ್ರಯೋಗ ಅಚ್ಚುಕಟ್ಟಾಗಿತ್ತು, ಜಗತ್ತಿನಾದ್ಯಂತ ನಡೆಯಿತು. ಆದರೆ ಅಳೆದದ್ದು ನಿಶ್ಚಲವಾದ ಮೈಯನ್ನು, ಬರೆದದ್ದು ಮಾತ್ರ 'ಭಯ' ಎಂದು. ಇಲಿಯ ಒಳಗೆ ಏನಾಯಿತೋ ಯಾರು ಕೇಳಿದವರು?

2014ರಲ್ಲಿ ಲೆಡೂ ಅವರೇ ಈ ಪದಬಳಕೆಯನ್ನು ಕೈಬಿಡೋಣ ಎಂದರು. ಅಮಿಗ್ಡಲಾ ಅಪಾಯವನ್ನು ಗುರುತಿಸಿ ಮೈಯನ್ನು ಸಜ್ಜುಗೊಳಿಸುತ್ತದೆ, ಅದು ನಮ್ಮ ಅರಿವಿಗೆ ಬಾರದೆಯೂ ನಡೆಯುತ್ತದೆ. ಹೆದರಿದೆ ಎಂಬ ಅನುಭವಕ್ಕೆ ಮಿದುಳಿನ ಬೇರೆ ಜಾಲಗಳೂ ಬೇಕು ಎಂಬುದು ಅವರ ವಾದ. ಇಲಿಯ ಅಂಜಿಕೆ ಇಳಿಸಿದ ಔಷಧಿ ಮನುಷ್ಯರ ಆತಂಕವನ್ನು ಅಷ್ಟಾಗಿ ಇಳಿಸದಿರುವುದಕ್ಕೂ ಇದೇ ಕಾರಣವಿರಬಹುದು ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಮೈಕೆಲ್ ಫ್ಯಾನ್ಸೆಲೊ ಇದನ್ನು ಖಡಾಖಂಡಿತವಾಗಿ ಒಪ್ಪುವುದಿಲ್ಲ. ಅನುಭವ ಬೇರೆ, ವರ್ತನೆ ಬೇರೆ ಎಂದು ಸೀಳಿದರೆ ಮನೋರೋಗ ವಿಜ್ಞಾನ ಹಿಂದಕ್ಕೆ ಹೋಗುತ್ತದೆಂಬ ಕಳವಳ ಅವರದು.

ನನಗೆ ಲೆಡೂ ಪಕ್ಷವೇ ಹೆಚ್ಚು ಸರಿ ಅನ್ನಿಸುತ್ತದೆ, ಆದರೆ ಅವರೂ ಕೊನೆಯವರೆಗೆ ಹೋದಂತಿಲ್ಲ. ಅಪಾಯವೊಂದೇ ಅಮಿಗ್ಡಲಾದ ಕೆಲಸವಾಗಿದ್ದರೆ, ಕೋತಿಗೆ ಪಾನೀಯದ ಬಹುಮಾನ ಸಿಗುವ ಸೂಚನೆ ಬಂದಾಗ ಅಲ್ಲಿನ ಕೆಲವು ನರಕೋಶಗಳು ಚುರುಕಾಗಬೇಕಿರಲಿಲ್ಲ. 2006ರಲ್ಲಿ ಕಂಡದ್ದು ಅದೇ: ಒಳ್ಳೆಯದಕ್ಕೆ ಕೆಲವು ಕೋಶ, ಕೆಟ್ಟದ್ದಕ್ಕೆ ಕೆಲವು, ಎಲ್ಲ ಅಕ್ಕಪಕ್ಕದಲ್ಲೇ. ಎಸ್.ಎಂ. ಕಥೆಯಲ್ಲೂ ಇದಕ್ಕೆ ಹೊಂದುವ ಸುಳಿವಿದೆ. ಫೋಟೋದಲ್ಲಿನ ಹೆದರಿದ ಮುಖ ಆಕೆಗೆ ಗುರುತು ಹತ್ತುತ್ತಿರಲಿಲ್ಲ. ಆಕೆ ಕಣ್ಣುಗಳತ್ತ ನೋಡುತ್ತಲೇ ಇರಲಿಲ್ಲ ಎಂಬುದು 2005ರಲ್ಲಿ ತಿಳಿಯಿತು. 'ಕಣ್ಣು ನೋಡಿ' ಎಂದು ಹೇಳಿಕೊಟ್ಟೊಡನೆ ಸರಿಯಾಗಿ ಗುರುತಿಸಿದರು. ಅಂದರೆ ಆಕೆ ಕಳೆದುಕೊಂಡದ್ದು ಯಾವುದು ಮುಖ್ಯ, ಎತ್ತ ಗಮನ ಕೊಡಬೇಕು ಎಂದು ತಾನಾಗಿ ತಿಳಿಯುವ ಶಕ್ತಿಯನ್ನು. ಉಸಿರುಗಟ್ಟಿಸುವ ಅನಿಲದ ಎಚ್ಚರಿಕೆ ದೇಹದೊಳಗಿನಿಂದಲೇ ಬರುತ್ತದೆ. ಅದಕ್ಕೆ ಬೇರೆ ದಾರಿಗಳಿವೆ.

ನಮ್ಮ ಬೆಂಗಳೂರಿನಲ್ಲೂ ಈ ಅಂಗದ ಮೇಲೆ ಮಹತ್ವದ ಕೆಲಸ ನಡೆದಿದೆ. ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿ ತಂಡ 2002ರಲ್ಲಿ ಇಲಿಗಳನ್ನು ದಿನಕ್ಕೆರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟು ನೋಡಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದರೆ, ಅಮಿಗ್ಡಲಾದಲ್ಲಿ ಬೆಳೆದು ಹರಡಿದ್ದವು. ಒತ್ತಡ ನಿಂತು 21 ದಿನ ಕಳೆದರೂ ಅಮಿಗ್ಡಲಾದ ಕವಲುಗಳು ಕುಗ್ಗಲಿಲ್ಲ. ಆ ಇಲಿಗಳು ಎತ್ತರದ ಅಡ್ಡಪಟ್ಟಿಗಳ ಮೇಲೆ ಗೋಡೆಯಿಲ್ಲದ ಕಡೆ ಹೋಗಲು ಹಿಂಜರಿಯುತ್ತಿದ್ದವು. ತಂಡ 2004ರ ಪ್ರಬಂಧದ ಶೀರ್ಷಿಕೆಯಲ್ಲಿ ಅದನ್ನು ಆತಂಕ ಎನ್ನಲಿಲ್ಲ, 'ಆತಂಕದಂಥ ವರ್ತನೆ' ಎಂದು ಬರೆಯಿತು.